ಸೋಮವಾರದಮ್ಮನ ಪಾರಾಯಣ

ನಮ್ಮ ಗ್ರಂಥಾಲಯದಲ್ಲಿ ಜರ್ನಲ್‌ಗಳು ನಿಂತುಹೋಗಿವೆ ಎಂದು ಯಾರಾದರೂ ಅಂದರೆ ನಮ್ಮ ಕಾರ್ಯದರ್ಶಿಗಳಿಗೆ ಸಿಟ್ಟು ಬರುತ್ತದೆ. "ಎಲ್ರೀ ನಿಂತಿದೆ? ಎಲ್ಲಾ ಒಳಗೇ ಇದೆ" ಎಂದು ಕಂಪ್ಯೂಟರಿನ ಕಡೆ ಕೈ ತೋರಿಸುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಕಾಗದದಲ್ಲಿ ಬರುತ್ತಿದ್ದಾಗ ಇದ್ದದ್ದಕ್ಕಿಂತ ಎಷ್ಟೋ ಜಾಸ್ತಿಯೇ ಈಗ ಒಳಗಿದೆ. ಅರ್ಧ ಆಯಸ್ಸು ಇದೇ ಕೆಲಸದಲ್ಲಿ ಕಳೆದ ನಾನು ಅದನ್ನು ಒಪ್ಪುತ್ತೇನೆ. ಆದರೂ ಅವರು ಹಾಗೆ ಕೈ ತೋರಿಸಿದಾಗಲೆಲ್ಲ ಒಬ್ಬ ಹೆಂಗಸಿನ ನೆನಪಾಗುತ್ತದೆ.

ನಮ್ಮದು ದೊಡ್ಡ ಗ್ರಂಥಾಲಯವೇನಲ್ಲ. ಗಾಂಧಿ ಬಜಾರಿನ ಹೂವಿನ ಸಾಲು ದಾಟಿ ಒಳಗಿನ ಅಡ್ಡರಸ್ತೆಯಲ್ಲಿ, ಒಬ್ಬ ಹಳೇ ಡಾಕ್ಟರು ತಮ್ಮ ಮನೆಯನ್ನೇ ಟ್ರಸ್ಟಿಗೆ ಬರೆದುಕೊಟ್ಟು ಮಾಡಿಸಿದ ವೈದ್ಯಕೀಯ ಗ್ರಂಥಾಲಯ. ಹಜಾರವೇ ಓದುವ ಕೋಣೆ. ಅಡುಗೆಮನೆ ಇದ್ದ ಜಾಗದಲ್ಲಿ ನನ್ನ ಮೇಜು. ಓದುಗರೆಂದರೆ ಪರೀಕ್ಷೆ ಹತ್ತಿರ ಬಂದಾಗ ಮತ್ತಿಕೆರೆಯ ರೂಮುಗಳಿಂದ ಎರಡು ಬಸ್ಸು ಹತ್ತಿ ಬರುವ ಮೆಡಿಕಲ್ ವಿದ್ಯಾರ್ಥಿಗಳು, ಮತ್ತೆ ಪ್ರಾಕ್ಟೀಸು ಬಿಟ್ಟ ಕೆಲವು ವಯಸ್ಸಾದ ಡಾಕ್ಟರುಗಳು. ಈ ಡಾಕ್ಟರುಗಳಲ್ಲಿ ಅರ್ಧ ಜನ ಬೆಳಿಗ್ಗೆ ಬೆಣ್ಣೆದೋಸೆ ತಿಂದು ಬಂದು, ಫ್ಯಾನಿನ ಕೆಳಗೆ ಜರ್ನಲ್ ಬಿಚ್ಚಿಟ್ಟುಕೊಂಡು ನಿದ್ದೆ ಮಾಡುವವರು. ನಾನು ಎಬ್ಬಿಸುತ್ತಿರಲಿಲ್ಲ. ಗೊರಕೆ ಶುರುವಾದರೆ ಮಾತ್ರ ಮೇಜಿನ ಮೇಲೆ ಏನನ್ನಾದರೂ ಜೋರಾಗಿ ಇಡುತ್ತಿದ್ದೆ.

ವಾರವಿಡೀ ಟಪಾಲಿನಲ್ಲಿ ಬಂದ ಹೊಸ ಸಂಚಿಕೆಗಳಿಗೆ ಸೀಲು ಒತ್ತಿ, ಶನಿವಾರ ಸಂಜೆ ನಾನೂ ನಮ್ಮ ಅಟೆಂಡರೂ ಸೇರಿ ಬಾಗಿಲ ಎದುರಿನ ಇಳಿಜಾರು ಹಲಗೆಗಳ ಮೇಲೆ ಜೋಡಿಸುತ್ತಿದ್ದೆವು. ಹೊಸದು ಮುಂದಕ್ಕೆ, ಹಳೆಯದು ಹಲಗೆಯ ಹಿಂದಿನ ಗೂಡಿಗೆ. ವರ್ಷ ತುಂಬಿದ ಮೇಲೆ ಎಲ್ಲವನ್ನೂ ಕಟ್ಟಿ ಚಾಮರಾಜಪೇಟೆಯ ಬೈಂಡರ್ ಹತ್ತಿರ ಕಳಿಸಿದರೆ ದಪ್ಪ ರಟ್ಟು ಹಾಕಿಸಿಕೊಂಡು, ಬೆನ್ನ ಮೇಲೆ ಹೊಂಬಣ್ಣದ ಅಕ್ಷರ ಹೊತ್ತು ವಾಪಸ್ಸು ಬರುತ್ತಿದ್ದವು. ಹಲಗೆಯ ಮೇಲೆ ಬಂದದ್ದನ್ನು ಯಾರು ಬೇಕಾದರೂ ಕೂತು ಓದಬಹುದಿತ್ತು, ಬಾಗಿಲಲ್ಲಿ ಒಂದು ಸಹಿ ಹಾಕಿದರೆ ಸಾಕು. ಮನೆ ಕೊಟ್ಟ ಡಾಕ್ಟರು ಹಾಕಿದ್ದ ಷರತ್ತು ಅದೊಂದೇ. ಓದಲು ಬಂದವರನ್ನು ಯಾರು ಏನು ಎಂದು ಕೇಳಿ ಹಿಂದಕ್ಕೆ ಕಳಿಸಬಾರದು.

ಒಂದು ಸೋಮವಾರ ಆಕೆ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಮಾರ್ಕೆಟ್ಟಿನಿಂದ ತಂದ ಹೂವಿನ ಚೀಲ. ನೇರವಾಗಿ ನನ್ನ ಮೇಜಿನ ಹತ್ತಿರ ಬಂದು, "ಕಣ್ಣಿನ ಪುಸ್ತಕ ಹೊಸದು ಬಂದಿದ್ಯಾ ಮೇಡಂ?" ಅಂದಳು.

ವಾರಪತ್ರಿಕೆ ಓದಲು ಬಂದವಳೆಂದುಕೊಂಡು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ. "ಇದು ಡಾಕ್ಟ್ರುಗಳು ಓದೋ ಜಾಗ ಅಮ್ಮ. ನಿಮಗೇನು ಬೇಕಿತ್ತು?"

"ಅದೇ ಬೇಕಿತ್ತು. ಡಾಕ್ಟ್ರೇ ಹೇಳಿದ್ದು, ಇಂಥದ್ರಲ್ಲೇ ಬರುತ್ತೆ ಅಂತ."

ಡಾಕ್ಟರು ಹೇಳಿದ್ದೇನೆಂಬುದು ನನಗೆ ಒಂದೆರಡು ತಿಂಗಳಲ್ಲಿ ಸ್ವಲ್ಪಸ್ವಲ್ಪವಾಗಿ ಗೊತ್ತಾಯಿತು. ಆಕೆಗೆ ಒಬ್ಬಳೇ ಮಗಳು. ಹೈಸ್ಕೂಲಿನಲ್ಲಿದ್ದಾಗ ಸಂಜೆಯಾದರೆ ಮೆಟ್ಟಿಲು ಕಾಣುವುದಿಲ್ಲ ಎನ್ನತೊಡಗಿದಳು. ಕನ್ನಡಕ ಕೊಡಿಸಿದರು, ಪ್ರಯೋಜನವಾಗಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋದಾಗ, ಕಣ್ಣಿನ ಒಳಗಿನ ಪರದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ, ಇದು ರಕ್ತದಲ್ಲೇ ಬರುವ ಕಾಯಿಲೆ, ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಜಾಸ್ತಿ ಅಂದರಂತೆ. ಆಕೆ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಪೇಟೆಯಲ್ಲಿ ಅವರದು ತಲೆಮಾರುಗಳಿಂದ ಬಂದ ಹಿತ್ತಾಳೆ ಪಾತ್ರೆಯ ಅಂಗಡಿ. ಹೊರಗಿನಿಂದ ಹೆಣ್ಣು ತರುವುದೇಕೆ, ಅಕ್ಕನ ಮಗಳು ಇದ್ದಾಳಲ್ಲ ಎಂದು ಹಿರಿಯರು ಮಾಡಿದ ಮದುವೆ. "ಯಾರೂ ಏನೂ ಅನ್ನಲ್ಲ ಮೇಡಂ. ಆದ್ರೆ ಅವಳು ಬಾಗ್ಲು ತಡವ್ದಾಗೆಲ್ಲ ನಾನೇ ಮಾಡಿದ್ದು ಅನ್ಸುತ್ತೆ" ಎಂದು ಒಮ್ಮೆ ಹೇಳಿದಳು. ಮದುವೆಯಾದಾಗ ಆಕೆಗೆ ಹತ್ತೊಂಬತ್ತು. ಆಕೆಯನ್ನು ಕೇಳಿ ಮಾಡಿದ ಮದುವೆಯೂ ಅಲ್ಲ.

ಔಷಧಿ ಏನು ಎಂದು ಕೇಳಿದ್ದಕ್ಕೆ ಡಾಕ್ಟರು, "ಈಗ ಏನೂ ಇಲ್ಲಮ್ಮ. ಆದ್ರೆ ಪ್ರಪಂಚದಲ್ಲಿ ಕೆಲಸ ನಡೀತಾನೇ ಇದೆ. ಯಾವತ್ತು ಬೇಕಾದ್ರೂ ಬರಬಹುದು. ಬಂದ್ರೆ ಮೊದಲು ಜರ್ನಲ್‌ಗಳಲ್ಲೇ ಬರೋದು" ಅಂದಿದ್ದರು. ಅತ್ತುಕೊಂಡು ಕೂತ ತಾಯಿಯನ್ನು ಕುರ್ಚಿಯಿಂದ ಎಬ್ಬಿಸಲು ಡಾಕ್ಟರುಗಳು ಹೇಳುವ ಮಾತು ಅದು. ಆಕೆ ಅದನ್ನು ವಿಳಾಸ ಹೇಳಿದಂತೆ ತಿಳಿದುಕೊಂಡಳು. ಜರ್ನಲ್ ಎಲ್ಲಿ ಸಿಗುತ್ತೆ ಎಂದು ಅವರಿವರನ್ನು ಕೇಳಿ, ನಮ್ಮ ಅಡ್ಡರಸ್ತೆ ಹುಡುಕಿಕೊಂಡು ಬಂದಳು.

ಅಂದಿನಿಂದ ಪ್ರತಿ ಸೋಮವಾರ. ಮನೆಯಲ್ಲಿ ಪೂಜೆ ಮುಗಿಸಿ, ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ನಮ್ಮಲ್ಲಿಗೆ. ನಮ್ಮ ಅಟೆಂಡರು ಆಕೆಗೆ ಸೋಮವಾರದಮ್ಮ ಎಂದೇ ಹೆಸರಿಟ್ಟರು. ನಮಗೆ ಬರುತ್ತಿದ್ದ ಕಣ್ಣಿನ ಜರ್ನಲ್‌ಗಳು ಬೆರಳೆಣಿಕೆಯಷ್ಟು. ಹೊಸ ಸಂಚಿಕೆ ಇದ್ದರೆ ಎತ್ತಿಕೊಂಡು ಕಣ್ಣಿಗೊತ್ತಿಕೊಂಡು ಕಿಟಕಿ ಪಕ್ಕದ ಮೇಜಿಗೆ ಹೋಗುವಳು. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿರುವಳು. ನಮ್ಮಲ್ಲಿ ಚಪ್ಪಲಿ ಬಿಡುವ ನಿಯಮವೇ ಇರಲಿಲ್ಲ.

ಆಕೆ ಓದುವ ರೀತಿ ನೋಡಿ ನನಗೆ ಮೊದಮೊದಲು ನಗು ಬರುತ್ತಿತ್ತು. ಬಿ.ಕಾಂ. ಮಾಡಿದ್ದಳು, ಇಂಗ್ಲಿಷ್ ಓದಲು ಬರುತ್ತಿತ್ತು. ಆದರೆ ಆ ಇಂಗ್ಲಿಷು ಯಾರಿಗೆ ತಾನೇ ಅರ್ಥವಾಗುತ್ತದೆ? ಮಗಳ ಕಾಯಿಲೆಯ ಉದ್ದನೆಯ ಹೆಸರು ಆಕೆಗೆ ಬಾಯಿಪಾಠ. ಆ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು, ಮೊದಲ ಪುಟದ ಮೊದಲ ಸಾಲಿನಿಂದ ಬೆರಳಿಟ್ಟು ಹೊರಟರೆ ಕೊನೆಯ ಪುಟದವರೆಗೂ ಹೋಗುವಳು. ಆಪರೇಷನ್ ಮೈಕ್ರೋಸ್ಕೋಪಿನ ಜಾಹೀರಾತನ್ನೂ ಬಿಡುತ್ತಿರಲಿಲ್ಲ, ಸಂಪಾದಕರಿಗೆ ಬಂದ ಪತ್ರಗಳನ್ನೂ ಬಿಡುತ್ತಿರಲಿಲ್ಲ. ನಡುವೆ ಎದ್ದು ನೀರು ಕುಡಿಯುತ್ತಿರಲಿಲ್ಲ, ಫೋನು ಬಂದರೆ ಎತ್ತುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಹೇಳಿದೆ. "ಮುಂದೆ ಪರಿವಿಡಿ ಅಂತ ಇರುತ್ತೆ ನೋಡಿ. ಅದರಲ್ಲಿ ಆ ಹೆಸರು ಇಲ್ಲಾಂದ್ರೆ ಒಳಗೂ ಇರಲ್ಲ. ಸುಮ್ನೆ ಯಾಕೆ ಕಣ್ಣು ನೋಯಿಸ್ಕೋತೀರಿ?"

"ಪಾರಾಯಣ ಹಂಗೆ ಮಾಡಕ್ಕಾಗಲ್ವಲ್ಲ ಮೇಡಂ" ಅಂದಳು. "ಕೂತ್ಮೇಲೆ ಮುಗಿಸಿ ಏಳ್ಬೇಕು. ಮಧ್ಯ ಬಿಟ್ರೆ ಬಿಟ್ಟಿದ್ರಲ್ಲೇ ಇತ್ತೇನೋ ಅನ್ಸುತ್ತೆ."

ಆಗ ನನಗೆ ಅರ್ಥವಾಯಿತು. ನನ್ನ ಅತ್ತೆಯೂ ಶ್ರಾವಣದಲ್ಲಿ ಪಾರಾಯಣಕ್ಕೆ ಕೂತರೆ ಹಾಗೆಯೇ. ಮಂಗಳದ ಪದ್ಯ ಹೇಳುವ ತನಕ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಈಕೆ ಕೊನೆಯ ಪುಟ ಮುಗಿಸಿ, ಹಿಂದಿನ ರಕ್ಷಾಪುಟವನ್ನೂ ಒಮ್ಮೆ ನೋಡಿ, ಸಂಚಿಕೆ ಮುಚ್ಚಿ ನನ್ನ ಮೇಜಿನ ಹತ್ತಿರ ಬರುವಳು. "ಈ ಸಲವೂ ಇಲ್ಲ ಮೇಡಂ." ಅದನ್ನು ಹೇಳುವಾಗ ಮುಖದಲ್ಲಿ ದುಃಖ ಕಾಣುತ್ತಿರಲಿಲ್ಲ. ಮನೆಗೆಲಸ ಮುಗಿಸಿ ಕೈ ಒರೆಸಿಕೊಂಡವರ ಮುಖ ಹೇಗಿರುತ್ತದೋ ಹಾಗಿರುತ್ತಿತ್ತು. ಹೂವಿನ ಚೀಲದಿಂದ ಒಂದು ಮೊಳ ಮಲ್ಲಿಗೆ ನನಗೆ ಕೊಟ್ಟು, ಚಾಮರಾಜಪೇಟೆ ಕಡೆಗೆ ಆಟೋ ಹಿಡಿಯುವಳು.

ಹೀಗೆ ಕೆಲವು ವರ್ಷ ನಡೆಯಿತು. ಮಗಳು ಪಿಯುಸಿ ಮುಗಿಸಿದಳು, ಕಾಲೇಜಿಗೆ ಸೇರಿದಳು. ಕಣ್ಣಿನ ದಾರಿ ಕಿರಿದಾಗುತ್ತಲೇ ಇತ್ತು. ಎದುರಿಗಿರುವ ಮುಖ ಕಾಣುತ್ತದಂತೆ, ಪಕ್ಕದಲ್ಲಿ ಬಂದ ಸ್ಕೂಟರು ಕಾಣುವುದಿಲ್ಲವಂತೆ. ನಾನು ಆಕೆಗೆ ಏನೂ ಹೇಳುತ್ತಿರಲಿಲ್ಲ. ಹೊಸ ಸಂಚಿಕೆ ಶನಿವಾರವೇ ಹಲಗೆಗೆ ಬರುವಂತೆ ನೋಡಿಕೊಳ್ಳುತ್ತಿದ್ದೆ, ನನ್ನ ಕೈಲಿ ಆಗುತ್ತಿದ್ದದ್ದು ಅಷ್ಟೇ.

ಆಮೇಲೆ ಕೊರೋನಾ ಬಂತು. ಎಲ್ಲ ಮುಚ್ಚಿತು, ವಿದೇಶದ ಟಪಾಲು ನಿಂತಿತು. ಪ್ರಕಾಶಕರು ಜರ್ನಲ್‌ಗಳನ್ನು ಇಂಟರ್ನೆಟ್ಟಿನಲ್ಲಿ ಓದಲು ಬಿಟ್ಟರು, ಡಾಕ್ಟರುಗಳು ಮನೆಯಿಂದಲೇ ಓದಿಕೊಂಡರು. ಮತ್ತೆ ಬಾಗಿಲು ತೆರೆದ ಮೇಲೆ ಮೊದಲ ಮೀಟಿಂಗಿನಲ್ಲೇ ಕಾರ್ಯದರ್ಶಿಗಳು, "ನೋಡಿ, ಪೇಪರ್ ಇಲ್ದೇನೂ ನಡೀತಲ್ಲ. ಇನ್ಮೇಲೆ ಹೀಗೇ ಮಾಡೋಣ" ಅಂದರು. ಅವರು ಕೆಟ್ಟವರಲ್ಲ, ಒಳ್ಳೆಯ ಸರ್ಜನ್. ಅವರಿಗೆ ಕತ್ತರಿಸುವುದು ಅಭ್ಯಾಸವಾಗಿದೆ ಅಷ್ಟೇ. ನಾನು ಒಂದಷ್ಟು ವಾದ ಮಾಡಿದೆ. ವಿದ್ಯಾರ್ಥಿಗಳಿಗೆ ಇದರಿಂದ ಅನುಕೂಲ ಎಂದು ನನಗೂ ಗೊತ್ತಿತ್ತು. ಹಾಗಾಗಿ ನನ್ನ ವಾದದಲ್ಲಿ ದಮ್ಮಿರಲಿಲ್ಲ.

ಹಳೆಯ ಬೈಂಡ್ ಸಂಪುಟಗಳಿಗೂ ಜಾಗವಿಲ್ಲವೆಂದಾಯಿತು. ಹೊರ ಊರಿನ ಕಾಲೇಜೊಂದು ತೆಗೆದುಕೊಳ್ಳಲು ಒಪ್ಪಿತು. ಲಾರಿ ಬಂದ ದಿನ ಸೋಮವಾರ. ಆಕೆ ಬಂದು ಗೇಟಿನ ಹತ್ತಿರ ನಿಂತು ನೋಡಿದಳು. ಹಮಾಲರು ಸಂಪುಟಗಳನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ನಾನು ಸೀಲು ಒತ್ತಿದ, ನಾನೇ ಬೈಂಡಿಂಗಿಗೆ ಕಳಿಸಿದ ವರ್ಷಗಳು ಅವು. ಕಣ್ಣಿನ ಜರ್ನಲ್‌ಗಳ ಹಸಿರು ರಟ್ಟನ್ನು ಆಕೆ ಗುರುತು ಹಿಡಿದಳು. "ಹೋಗ್ಲಿ ಬಿಡಿ ಮೇಡಂ. ಇವುಗಳಲ್ಲಿ ಇಲ್ಲ, ನಾನು ನೋಡಿದೀನಿ" ಎಂದು ನನಗೇ ಸಮಾಧಾನ ಹೇಳಿದಳು.

ಒಳಗೆ ಬಂದು ಖಾಲಿ ಹಲಗೆಗಳನ್ನು ನೋಡಿದ ಮೇಲೆ ಕೇಳಿದಳು. "ಹೊಸದು?"

ಹೊಸದು ಕಂಪ್ಯೂಟರಿನಲ್ಲಿ ಬರುತ್ತದೆ ಎಂದೆ. ಸದಸ್ಯರಿಗೆ ಮಾತ್ರ ಹೆಸರು, ಪಾಸ್‌ವರ್ಡು ಕೊಟ್ಟಿದ್ದಾರೆ, ಹೊರಗಿನವರಿಗೆ ಇಲ್ಲ ಎಂಬುದನ್ನೂ ಹೇಳಬೇಕಾಯಿತು. ಹೇಳುವಾಗ ನಾಚಿಕೆಯಾಯಿತು. ಬಂದವರನ್ನು ಹಿಂದಕ್ಕೆ ಕಳಿಸಬಾರದೆಂದು ಮನೆ ಬಿಟ್ಟುಕೊಟ್ಟವರ ಫೋಟೋ ನನ್ನ ತಲೆಯ ಮೇಲೇ ಇತ್ತು. ಆಕೆ ಜಗಳವಾಡಲಿಲ್ಲ. "ಒಂದ್ಸಲ ಕೇಳಿ ನೋಡಿ ಮೇಡಂ" ಎಂದು ಹೇಳಿ ಹೋದಳು.

ಕೇಳಿದೆ. ಕಾರ್ಯದರ್ಶಿಗಳು ಲೈಸೆನ್ಸ್ ತೊಂದರೆ ಅಂದರು. ಜರ್ನಲ್ ಮಾರುವ ಕಂಪನಿಯ ಕಡೆಯಿಂದ ತರಬೇತಿ ಕೊಡಲು ಬಂದಿದ್ದ ಪ್ರತಿನಿಧಿಯನ್ನು ಕೇಳಿದರೆ, "ಮೇಲೆ ಕೇಳಿ ಹೇಳ್ತೀನಿ ಮೇಡಂ" ಅಂದವನು ಹೇಳಲೇ ಇಲ್ಲ. ನನಗೆ ಹಠ ಬಂತು. ಯಾರೂ ಓದದ ಕರಾರಿನ ಅಷ್ಟೂ ಪುಟಗಳನ್ನು ಮನೆಗೆ ತೆಗೆದುಕೊಂಡು ಹೋಗಿ, ಈರುಳ್ಳಿ ಹೆಚ್ಚುತ್ತಾ ಓದಿದೆ. ಒಂದು ಕಡೆ ಇತ್ತು. ಗ್ರಂಥಾಲಯದ ಒಳಗೆ ಬಂದು ಕೂತು, ಗ್ರಂಥಾಲಯದ್ದೇ ಕಂಪ್ಯೂಟರಿನಲ್ಲಿ ಓದುವ ಹೊರಗಿನವರಿಗೆ ಅಡ್ಡಿಯಿಲ್ಲ. ಮಾರನೆಯ ದಿನ ಆ ಪುಟವನ್ನು ಕಾರ್ಯದರ್ಶಿಗಳ ಮುಂದೆ ಹಿಡಿದೆ. ಅವರು ಎರಡು ಸಲ ಓದಿ, "ನೀವು ಲಾಯರ್ ಆಗ್ಬೇಕಿತ್ತು" ಎಂದು ನಕ್ಕು, ಕಿಟಕಿ ಪಕ್ಕದ ಮೇಜಿಗೆ ಒಂದು ಕಂಪ್ಯೂಟರ್ ಹಾಕಿಸಲು ಒಪ್ಪಿದರು. ಅವತ್ತು ನಾನು ಗೆದ್ದೆ ಎಂದುಕೊಂಡೆ. ಆಕೆಗೆ ನಾನೇ ಫೋನು ಮಾಡಿ, ಸೋಮವಾರ ಬನ್ನಿ ಎಂದು ಹೇಳಿದೆ.

ಬಂದಳು. ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತಳು. ನಾನು ಪಕ್ಕದಲ್ಲಿ ನಿಂತು ಜರ್ನಲ್ ತೆರೆದುಕೊಟ್ಟೆ. ಮೊದಲ ಲೇಖನ ಓದಿದಳು, ಎರಡನೆಯದು ಓದಿದಳು. ಪ್ರತಿ ಲೇಖನದ ಪಕ್ಕದಲ್ಲೂ ಇದನ್ನೂ ನೋಡಿ ಎಂದು ಬೇರೆ ಲೇಖನಗಳ ಸಾಲು. ಅದನ್ನು ಒತ್ತಿದರೆ ಅದರ ಪಕ್ಕದಲ್ಲಿ ಇನ್ನೊಂದು ಸಾಲು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಕರೆದು ಕೇಳಿದಳು. "ಇದು ಎಲ್ಲಿ ಮುಗಿಯುತ್ತೆ ಮೇಡಂ?"

ನನಗೆ ಉತ್ತರ ಗೊತ್ತಿತ್ತು. ಆ ಜರ್ನಲ್‌ನವರು ತಿಂಗಳಿಗೊಂದು ಸಂಚಿಕೆ ಎಂಬ ಲೆಕ್ಕವನ್ನೇ ಬಿಟ್ಟಿದ್ದರು. ಲೇಖನ ಸಿದ್ಧವಾದ ದಿನವೇ ಹಾಕುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಭಾನುವಾರವೂ ಬರುತ್ತದೆ. ಅದಕ್ಕೆ ಹಿಂದಿನ ರಕ್ಷಾಪುಟವೇ ಇಲ್ಲ.

"ಹುಡುಕೋ ಜಾಗ ಇದೆ, ಅಲ್ಲಿ ಕಾಯಿಲೆ ಹೆಸರು ಹಾಕಿ. ಅದಕ್ಕೆ ಸಂಬಂಧಪಟ್ಟಿದ್ದು ಮಾತ್ರ ಬರುತ್ತೆ" ಎಂದು ಹೇಳಿಕೊಟ್ಟೆ. ಅದು ನನ್ನ ತಿಳಿವಳಿಕೆ. ಮೆಡಿಕಲ್ ವಿದ್ಯಾರ್ಥಿಗಳಿಗೆ ಹೇಳಿಕೊಡುವುದೂ ಅದನ್ನೇ. ಹೆಸರು ಹಾಕಿದಳು. ಇಷ್ಟು ವರ್ಷ ತಿಂಗಳುಗಟ್ಟಲೆ ಬೆರಳಿಟ್ಟು ಹುಡುಕಿದರೂ ಅಪರೂಪಕ್ಕೆ ಕಾಣುತ್ತಿದ್ದ ಆ ಹೆಸರು ಪರದೆಯ ತುಂಬ ಬಂತು. ಸಾವಿರಾರು. ಆಕೆ ಬೆಚ್ಚಿ ಕೈ ಹಿಂದಕ್ಕೆ ತೆಗೆದಳು. "ಇಷ್ಟೊಂದು ಬಂದಿದ್ಯಾ? ಮತ್ತೆ ಯಾರೂ ನಮಗೆ ಯಾಕೆ ಹೇಳಲಿಲ್ಲ?"

ಅವತ್ತು ಆಕೆ ಎದ್ದದ್ದು ನಾವು ಬಾಗಿಲು ಹಾಕುವಾಗ. ಅಟೆಂಡರು ದೀಪ ಆರಿಸುತ್ತಾ ಬಂದು, "ಅಮ್ಮ, ಟೈಮಾಯ್ತು" ಅಂದರು. ಅರ್ಧಕ್ಕೇ ಎದ್ದಳು. ಮಂಗಳವಾರ ಮತ್ತೆ ಬಂದಳು, ಬುಧವಾರವೂ ಬಂದಳು. ಬಂದಾಗಲೆಲ್ಲ ಮೇಲೆ ಹೊಸದಾಗಿ ಒಂದೆರಡು ಸೇರಿರುತ್ತಿದ್ದವು, ನಿನ್ನೆ ಬಿಟ್ಟ ಜಾಗ ಕೆಳಗೆ ಸರಿದಿರುತ್ತಿತ್ತು. ಹೂವಿನ ಚೀಲ ಕಾಣೆಯಾಯಿತು. ಹಣೆಯ ವಿಭೂತಿ ಒಮ್ಮೊಮ್ಮೆ ಇರುತ್ತಿತ್ತು, ಒಮ್ಮೊಮ್ಮೆ ಇರುತ್ತಿರಲಿಲ್ಲ. ಅಟೆಂಡರು ಸೋಮವಾರದಮ್ಮ ಎನ್ನುವುದನ್ನು ಬಿಟ್ಟುಬಿಟ್ಟರು. ಮೇಲಾಗಿ ಫೋನಿನಲ್ಲೂ ಹುಡುಕುವುದನ್ನು ಕಲಿತಳು. ಅದರಲ್ಲಿ ಪೂರ್ತಿ ಲೇಖನ ಬರುವುದಿಲ್ಲ, ಸಾರಾಂಶ ಮಾತ್ರ. ಸಾರಾಂಶದಲ್ಲಿ ಪ್ರಯೋಗದ ಇಲಿಗೆ ಕಣ್ಣು ಬಂದಿರುತ್ತದೆ. ಉಳಿದದ್ದು ಓದಲು ಬೆಳಗಾಗುವುದನ್ನೇ ಕಾದು ನಮ್ಮ ಬಾಗಿಲಿಗೆ ಬಂದು ನಿಲ್ಲುವಳು.

ನಾನು ಕೈಲಾದದ್ದು ಮಾಡಿ ನೋಡಿದೆ. ತಿಂಗಳ ಲೇಖನಗಳ ಹೆಸರನ್ನೆಲ್ಲ ಪ್ರಿಂಟ್ ತೆಗೆದು, ಪಿನ್ನು ಹೊಡೆದು, ಇದೇ ಈ ತಿಂಗಳ ಸಂಚಿಕೆ ಅಂದುಕೊಳ್ಳಿ ಎಂದು ಕೊಟ್ಟೆ. ಪುಸ್ತಕದಂತೆ ಕೈಯಲ್ಲಿ ಹಿಡಿದು ಕೊನೆಯವರೆಗೂ ಓದಿ, "ಇದಾದ್ಮೇಲೆ ಏನೂ ಬಂದಿಲ್ವಾ?" ಎಂದು ಕೇಳಿದಳು. ನನ್ನ ಬಾಯಿಗೆ ಸುಳ್ಳು ಬರಲಿಲ್ಲ. "ಇವತ್ತು ಬೆಳಿಗ್ಗೆ ಎರಡು ಹಾಕಿದ್ದಾರೆ" ಎಂದೆ. ಆಕೆ ಎದ್ದು ಮತ್ತೆ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ನಿಜ ಹೇಳಿ ನಾನು ಸಾಧಿಸಿದ್ದೇನು ಎಂದು ನನ್ನ ಮೇಲೇ ಸಿಟ್ಟು ಬಂತು. ಇನ್ನೊಂದು ದಿನ ನಮ್ಮ ನಿದ್ದೆಯ ಡಾಕ್ಟರುಗಳಲ್ಲಿ ಕಣ್ಣಿನವರೊಬ್ಬರನ್ನು ಹಿಡಿದು, ಆಕೆಯ ಪಕ್ಕ ಕೂರಿಸಿದೆ. ಪಾಪ, ತಾಳ್ಮೆಯಿಂದ ಒಂದಷ್ಟು ಓದಿ ಹೇಳಿದರು. ಎಲ್ಲೋ ಕೆಲವು ಜನರಿಗೆ ಕೊಟ್ಟು ನೋಡಿದ್ದಾರೆ, ಸ್ವಲ್ಪ ಗುಣ ಕಂಡಿದೆ, ಇನ್ನೂ ಅಧ್ಯಯನವಾಗಬೇಕು. "ಹಂಗಂದ್ರೆ ಇದೆ ಅಂತಾನಾ ಸಾರ್, ಇಲ್ಲ ಅಂತಾನಾ?" ಎಂದು ಆಕೆ ಕೇಳಿದ್ದಕ್ಕೆ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಅದಾಗಿ ಕೆಲವು ದಿನಕ್ಕೆ ಒಂದು ಶುಕ್ರವಾರ ಮಧ್ಯಾಹ್ನ, ತಾಯಿ ಮದುವೆಯೊಂದಕ್ಕೆ ಹೋಗಿದ್ದಾಗ, ಮಗಳು ಬಂದಳು. ನಾನು ಅಲ್ಲಿಯವರೆಗೆ ಆ ಹುಡುಗಿಯನ್ನು ನೋಡಿರಲಿಲ್ಲ. ಸ್ನೇಹಿತೆಯೊಬ್ಬಳು ಬಾಗಿಲ ತನಕ ಬಿಟ್ಟು ಹೋದಳು. ಒಳಗೆ ಬಂದವಳು ಕುರ್ಚಿಯ ಬೆನ್ನುಗಳನ್ನು ಒಂದೊಂದಾಗಿ ಮುಟ್ಟಿಕೊಂಡು ನನ್ನ ಮೇಜಿಗೆ ಬಂದು, ಮುಖವನ್ನು ನೇರವಾಗಿ ನನ್ನ ಕಡೆ ತಿರುಗಿಸಿದಳು. ಆ ಕಿರಿದಾದ ದಾರಿಯಲ್ಲಿ ನಾನು ಸಿಗುವ ತನಕ ತಲೆ ಆಡಿಸಿ ಹುಡುಕಿದಳು.

"ನೀವೇ ಅಲ್ವಾ ಮೇಡಂ? ಅಮ್ಮ ನಿಮ್ಮ ಬಗ್ಗೆನೇ ಹೇಳ್ತಿರ್ತಾಳೆ" ಅಂದಳು. ಧ್ವನಿಯಲ್ಲಿ ಲವಲವಿಕೆ ಇತ್ತು. ಕೂತು ನೀರು ಕುಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಮೊದಲೆಲ್ಲ ಅಮ್ಮ ಇಲ್ಲಿಂದ ಬಂದ ದಿನ ಚೆನ್ನಾಗಿರ್ತಿದ್ಲು. 'ಈ ಸಲ ಇಲ್ಲ ಕಣೇ' ಅಂತ ಹೇಳಿ, ಅಡುಗೆ ಮಾಡಿ, ಊಟ ಮಾಡಿ ಮಲ್ಕೊಳ್ಳೋಳು. ಈಗ ನಿದ್ದೆನೇ ಇಲ್ಲ. ಊಟಕ್ಕೆ ಕೂತ್ರೂ ಕೈಯಲ್ಲಿ ಫೋನು. ಇನ್ನೂ ನೋಡಿಲ್ಲ, ಇನ್ನೂ ಇದೆ ಅಂತಾಳೆ."

"ಆ ಕಂಪ್ಯೂಟರ್ ಹಾಕ್ಸಿದ್ದು ನಾನೇ ಕಣಮ್ಮ" ಎಂದೆ.

"ಅದಕ್ಕಲ್ಲ ಮೇಡಂ ಬಂದಿದ್ದು." ಮೇಜನ್ನು ತಡವಿ ಲೋಟ ಇಟ್ಟಳು. "ನೀವೇ ನೋಡಿದ್ದೀರಿ, ಇಲ್ಲ ಅಂತ ಅವಳಿಗೆ ಹೇಳ್ಬಿಡ್ತೀರಾ? ತಿಂಗಳಿಗೊಂದ್ಸಲ ಸಾಕು. ನಾನು ಹೇಳಿದ್ರೆ ಕೇಳಲ್ಲ. ಅಪ್ಪನ ಮಾತೂ ಕೇಳಲ್ಲ. ನೀವು ಹೇಳಿದ್ರೆ ನಂಬ್ತಾಳೆ."

"ನಿನಗೇ ಅಲ್ಲವೇನಮ್ಮ ಆ ಔಷಧಿ ಬೇಕಾಗಿರೋದು? ನಿಜವಾಗ್ಲೂ ಬಂದ್ಬಿಟ್ಟಿದ್ರೆ?"

"ಬಂದ್ರೆ ಡಾಕ್ಟ್ರು ಹೇಳ್ತಾರೆ ಬಿಡಿ" ಎಂದು ಆ ಹುಡುಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. "ನನಗೆ ಅಮ್ಮನ ಮುಖ ಇನ್ನೂ ಕಾಣುತ್ತೆ ಮೇಡಂ. ಎಷ್ಟು ದಿನ ಅಂತ ಗೊತ್ತಿಲ್ಲ. ಇರೋವರೆಗೆ ಅವಳು ಸ್ವಲ್ಪ ನೆಮ್ಮದಿಯಾಗಿರೋದನ್ನ ನೋಡ್ತೀನಿ."

ಸ್ನೇಹಿತೆ ಬರುವ ತನಕ ಅವಳ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

ಶನಿವಾರ ಎಲ್ಲರೂ ಹೋದ ಮೇಲೆ ಆ ಕಂಪ್ಯೂಟರಿನ ಮುಂದೆ ನಾನೇ ಕೂತೆ. ಹೇಳುವುದಾದರೆ ನೋಡಿಯೇ ಹೇಳೋಣ ಎಂಬ ಹಠ. ಕಾಯಿಲೆಯ ಹೆಸರು ಹಾಕಿ, ಹೊಸದು ಮೇಲೆ ಬರುವಂತೆ ಮಾಡಿ, ಒಂದೊಂದೇ ತೆಗೆದೆ. ಪುಸ್ತಕಗಳನ್ನು ಎಲ್ಲಿಡಬೇಕೆಂದು ತಿಳಿಯುವುದು ನನ್ನ ವಿದ್ಯೆ. ಅವುಗಳ ಒಳಗಿರುವುದು ಯಾವತ್ತೂ ನನ್ನದಾಗಿರಲಿಲ್ಲ. ಇಲಿ, ನಾಯಿ, ಯಾವುದೋ ದೇಶದ ಒಂದು ಕುಟುಂಬ, ಯಾವುದೋ ಜೀನು. ನಾಲ್ಕು ಓದುವಷ್ಟರಲ್ಲಿ ಮೊದಲನೆಯದು ಮರೆತಿರುತ್ತಿತ್ತು. ಕೆಳಗೆ ಎಳೆದಷ್ಟೂ ಪಟ್ಟಿ ಬರುತ್ತಲೇ ಇತ್ತು. ಕೊನೆಗೆ ಕೈಚೆಲ್ಲಿ ಅದನ್ನು ಆರಿಸಿ, ಬಾಗಿಲು ಹಾಕಿಕೊಂಡು ಮನೆಗೆ ಹೋದೆ.

ಸೋಮವಾರ ಆಕೆ ಬಂದು ನೇರ ಕಂಪ್ಯೂಟರಿನ ಕಡೆ ಹೊರಟಳು. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. "ಒಂದ್ನಿಮಿಷ ಬನ್ನಿ ಇಲ್ಲಿ" ಎಂದು ಕರೆದೆ. "ಈ ತಿಂಗಳದ್ದು ನಾನು ನೋಡಿದೀನಿ."

ನಿಂತಲ್ಲೇ ತಿರುಗಿದಳು. "ಪೂರ್ತಿನಾ?"

"ಪೂರ್ತಿ."

"ಕೊನೇವರೆಗೂ?"

"ಕೊನೇವರೆಗೂ ನೋಡ್ದೆ. ಇಲ್ಲ."

ನನ್ನ ಮುಖವನ್ನು ನೋಡುತ್ತಾ ನಿಂತಳು. ಸಿಕ್ಕಿಬಿದ್ದೆ ಎಂದುಕೊಂಡೆ. ಆಕೆ ಉಸಿರು ಬಿಟ್ಟು ನನ್ನೆದುರಿನ ಕುರ್ಚಿಯಲ್ಲಿ ಕುಸಿದು ಕೂತಳು. ಆಮೇಲೆ ಗಡಿಯಾರ ನೋಡಿ, "ಅಡುಗೆ ಆಗಿಲ್ಲ, ಹೊರಡ್ತೀನಿ" ಎಂದು ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು. "ಮುಂದಿನ ತಿಂಗಳೂ ನೀವೇ ನೋಡಿ ಹೇಳ್ಬಿಡಿ ಮೇಡಂ. ನಾನು ನೋಡಿದ್ರೆ ಮುಗಿಯಲ್ಲ."

ಈಗ ತಿಂಗಳಿಗೊಂದು ಸೋಮವಾರ ಬರುತ್ತಾಳೆ. ನಾನು ಹಿಂದಿನ ಶನಿವಾರ ಆ ಪಟ್ಟಿಯ ಮುಂದೆ ಕೂತು, ಕಣ್ಣಿಗೆ ಬಿದ್ದಷ್ಟನ್ನು ನೋಡಿರುತ್ತೇನೆ. ಅಷ್ಟರಲ್ಲಿ ಅರ್ಥವಾಗುವುದು ಇನ್ನೂ ಕಡಿಮೆ. ಎಂದಾದರೂ ಆ ಔಷಧಿ ನಿಜವಾಗಿ ಬಂದರೆ ಆ ಪಟ್ಟಿಯಲ್ಲಿ ಮಿಕ್ಕವುಗಳಂತೆಯೇ ಒಂದು ಸಾಲಾಗಿ ಬರುತ್ತದೆ. ನಾನು ಅದನ್ನು ದಾಟಿಕೊಂಡು ಹೋಗಿರುತ್ತೇನೆ. ಸೋಮವಾರ ಆಕೆ ಬಂದು ಕೇಳಿದಾಗ ಇಲ್ಲ ಎನ್ನುತ್ತೇನೆ. ಆಕೆ ನಂಬುತ್ತಾಳೆ.